ಸ್ಪೇಸ್ ಒಪೆರಾ ಆಟ ಕಟ್ಟುವ ಕ್ರಮ: ನೌಕೆ ಮೊದಲು, ನಕ್ಷತ್ರಪಟ ಕೊನೆಗೆ

ರೋಲ್‌ಪ್ಲೇಯಿಂಗ್ ಆಟವೆಂದರೆ ಟೇಬಲ್ ಸುತ್ತ ಕೂತು, ತಲೆಗೊಂದು ಪಾತ್ರ ವಹಿಸಿ, ಮಾತು ಮತ್ತು ದಾಳದಿಂದ ಕಥೆ ಕಟ್ಟುವ ಆಟ. ನಕ್ಷತ್ರಗಳ ನಡುವೆ ನಡೆಯುವ ಸಾಹಸಗಳ ಕಥೆಗೆ ಸ್ಪೇಸ್ ಒಪೆರಾ ಎನ್ನುತ್ತಾರೆ. ಸ್ವಂತ ಸ್ಪೇಸ್ ಒಪೆರಾ ರೋಲ್‌ಪ್ಲೇಯಿಂಗ್ ಆಟ ಬರೆಯಲು ಹೊರಟವರು ನನಗೆ ತೋರಿಸಿದ ಕರಡುಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಂತುಹೋಗಿವೆ. ಮೊದಲ ಪುಟದಲ್ಲಿ ಸಾಮ್ರಾಜ್ಯದ ಹುಟ್ಟು, ಆಮೇಲೆ 12 ಗ್ರಹಗಳ ಪಟ್ಟಿ, ಅದರ ಬೆನ್ನಿಗೇ ರಾಜವಂಶಗಳು, ಮಹಾಯುದ್ಧಗಳು. 40ನೇ ಪುಟ ಮುಗಿದರೂ ಟೇಬಲ್ ಸುತ್ತ ಕೂತ ನಾಲ್ವರು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಬರೆದವರಲ್ಲಿ ಕಲ್ಪನೆಗೆ ಕೊರತೆಯೇನೂ ಇರಲಿಲ್ಲ. ಕೆಲಸ ಹಿಡಿದ ಕ್ರಮ ತಲೆಕೆಳಗಾಗಿತ್ತು. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಒಂದು ಹಂತ ಬೇಸರ ತಂದರೂ ಹಾರಿಸಬೇಡಿ, ಏಕೆಂದರೆ ಮುಂದಿನ ಹಂತ ಅದರ ಮೇಲೇ ನಿಂತಿದೆ.

ಬೇಕಾಗುವ ಸಾಮಗ್ರಿ

ಆರು ಮುಖದ ದಾಳ, ತಲೆಗೆ ಎರಡರಂತೆ. ಲೂಡೊ ಪೆಟ್ಟಿಗೆಯಲ್ಲಿರುವುದೇ ಸಾಕು. 20 ಮುಖದ ದಾಳ ತರಿಸಿಕೊಳ್ಳಲು ಕಾಯುತ್ತಾ ಕೆಲಸ ಮುಂದೂಡಬೇಡಿ. ಇದಲ್ಲದೆ ಎ4 ಹಾಳೆ, ಪೆನ್ಸಿಲ್, ರಬ್ಬರ್, ಒಂದು ಹಿಡಿ ಹುಣಸೆ ಬೀಜ, ಮೂರು ಗಂಟೆ ಕೂರಬಲ್ಲ ಮೂವರೋ ನಾಲ್ವರೋ ಗೆಳೆಯರು.

ದಾಳದ ಬದಲು ಚೌಕಾಬಾರದ ಕವಡೆ ಬಳಸಬಹುದೇ ಎಂದು ಕೇಳುವವರಿದ್ದಾರೆ. ಬಳಸಬಹುದು, ಆದರೆ ಕವಡೆಯ ಬೆನ್ನು ಮತ್ತು ಹೊಟ್ಟೆ ಸಮನಾಗಿ ಬೀಳುವುದಿಲ್ಲ. ನಿಮ್ಮ ಕೈಯಲ್ಲಿರುವ ನಾಲ್ಕು ಕವಡೆಗಳನ್ನು 100 ಸಲ ಎಸೆದು, ಯಾವ ಗರ ಎಷ್ಟು ಸಲ ಬಿತ್ತು ಎಂದು ಗೀಟು ಹಾಕಿಟ್ಟುಕೊಂಡು, ಆ ಲೆಕ್ಕದ ಮೇಲೆ ನಿಯಮ ಬರೆಯಬೇಕು. ಮೊದಲ ಆಟಕ್ಕೆ ದಾಳವೇ ಸುಲಭ.

ಹಂತ 1: ಆಟಗಾರರು ಮಾಡುವ ಕೆಲಸವನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಈ ವಾಕ್ಯದಲ್ಲಿ ಮೂರು ಕ್ರಿಯಾಪದಗಳಿರಲಿ. "ಹಳೆಯ ಸರಕು ನೌಕೆಯೊಂದರ ಸಿಬ್ಬಂದಿ ನಿಷೇಧಿತ ಔಷಧಿಯನ್ನು ಸಾಗಿಸುತ್ತಾರೆ, ಗಡಿ ಕಾವಲಿನಿಂದ ತಪ್ಪಿಸಿಕೊಳ್ಳುತ್ತಾರೆ, ಯಾರಿಗೆ ಕೊಡಬೇಕು ಎಂಬುದಕ್ಕೆ ತಮ್ಮತಮ್ಮಲ್ಲೇ ಜಗಳವಾಡುತ್ತಾರೆ." ಸಾಗಿಸು, ತಪ್ಪಿಸಿಕೊ, ಜಗಳವಾಡು. ಇನ್ನು ಮುಂದೆ ನೀವು ಬರೆಯುವ ಪ್ರತಿ ನಿಯಮವೂ ಈ ಮೂರರಲ್ಲಿ ಒಂದಕ್ಕೆ ನೆರವಾಗಬೇಕು. ಆಗದಿದ್ದರೆ ಹೊಡೆದುಹಾಕಿ.

ಮೂರನೆಯ ಕ್ರಿಯಾಪದ ಸಂಬಂಧಕ್ಕೆ ಸೇರಿದ್ದಾಗಿರಲಿ. ಬಾಹ್ಯಾಕಾಶ ಇದ್ದಮಾತ್ರಕ್ಕೆ ಕಥೆ ಸ್ಪೇಸ್ ಒಪೆರಾ ಆಗುವುದಿಲ್ಲ. ಗ್ರಹಗಳ ಹಣೆಬರಹ ಮತ್ತು ಒಬ್ಬ ಅಕ್ಕ ತನ್ನ ತಮ್ಮನನ್ನು ಕ್ಷಮಿಸುವಳೋ ಇಲ್ಲವೋ ಎಂಬುದು ಒಂದೇ ದೃಶ್ಯದಲ್ಲಿ ಹೆಣೆದುಕೊಂಡಾಗ ಆಗುತ್ತದೆ.

ಅಪಾಯದ ಸೂಚನೆ: ನಿಮ್ಮ ವಾಕ್ಯ "3000 ವರ್ಷಗಳ ಹಿಂದೆ" ಎಂದು ಶುರುವಾದರೆ ನೀವು ಬರೆದದ್ದು ಪುರಾಣ. ಅದನ್ನು ಬೇರೆ ವಹಿಯಲ್ಲಿಟ್ಟು, ಮತ್ತೆ ವಾಕ್ಯ ಬರೆಯಿರಿ.

ಹಂತ 2: ನೌಕೆಯ ಹಾಳೆ ತಯಾರಿಸಿ

ಪಾತ್ರಗಳಿಗಿಂತ ಮೊದಲು ನೌಕೆ. ಆಟಗಾರರೆಲ್ಲರಿಗೂ ಸೇರಿದ್ದು ಅದೊಂದೇ. ಅದೇ ಅವರ ಮನೆ, ಅದೇ ಅವರ ತಲೆನೋವು. ಒಂದು ಎ4 ಹಾಳೆ ತೆಗೆದುಕೊಂಡು ಐದು ಕೋಣೆಗಳನ್ನು ಬರೆಯಿರಿ: ಚುಕ್ಕಾಣಿ, ಎಂಜಿನ್, ತೋಪು, ರೇಡಿಯೊ, ಅಡುಗೆಮನೆ. ಅಡುಗೆಮನೆಯನ್ನು ಬಿಡಬೇಡಿ, ಜಗಳಗಳೆಲ್ಲ ಅಲ್ಲೇ ಆಗುವುದು. ನಂತರ ಮೂರು ದೋಷಗಳನ್ನು ಬರೆಯಿರಿ, ಉದಾಹರಣೆಗೆ "ಎಡ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ". ದೋಷ ಅಂಕಿಯಾಗಿರದೆ ಕಣ್ಣಿಗೆ ಕಟ್ಟುವ ವಾಕ್ಯವಾಗಿರಲಿ.

ಆಮೇಲೆ ಸಾಲ. 1977ರಲ್ಲಿ ಬಂದ ಟ್ರಾವೆಲರ್ ಎಂಬ ಬಾಹ್ಯಾಕಾಶದ ರೋಲ್‌ಪ್ಲೇಯಿಂಗ್ ಆಟ ಇದನ್ನು ಬಹಳ ಚೆನ್ನಾಗಿ ಮಾಡಿತು. ಅದರಲ್ಲಿ ಸಾಲದ ಮೇಲೆ ಕೊಂಡ ನೌಕೆಗೆ ಬೆಲೆಯ 240ನೇ ಒಂದು ಭಾಗವನ್ನು ಪ್ರತಿ ತಿಂಗಳು ಕಟ್ಟಬೇಕು, 480 ತಿಂಗಳು ಕಟ್ಟುತ್ತಲೇ ಇರಬೇಕು. 40 ವರ್ಷದ ಕಂತು! "ನಾವೇಕೆ ಈ ಅಪಾಯಕ್ಕೆ ಇಳಿಯಬೇಕು" ಎಂದು ಆಟಗಾರರು ಕೇಳುವ ಪ್ರಶ್ನೆಗೆ ಕಂತಿನ ದಿನಾಂಕವೇ ಉತ್ತರ ಕೊಡುತ್ತದೆ.

ನಿಮ್ಮ ಆಟಕ್ಕೆ ಚಿಕ್ಕ ಅಂಕಿಗಳು ಸಾಕು. ಒಂದು ಕೆಲಸಕ್ಕೆ 6 ನಾಣ್ಯ ಸಂಪಾದನೆ ಎಂದಿಟ್ಟುಕೊಳ್ಳಿ. ಇಂಧನಕ್ಕೆ 2, ಊಟಕ್ಕೆ 1, ಕಂತಿಗೆ 2 ಹೋಗಿ 1 ನಾಣ್ಯ ಉಳಿಯುತ್ತದೆ. ಒಂದು ದೋಷ ರಿಪೇರಿಗೆ 3 ನಾಣ್ಯ. ಅಂದರೆ ಮೂರು ಕೆಲಸ ಮುಗಿಸಿದರೆ ಒಂದು ರಿಪೇರಿ, ಅಥವಾ ಈ ಸಲದ ಕಂತು ತಪ್ಪಿಸಿದರೆ ಇವತ್ತೇ ರಿಪೇರಿ. ಈ ಇಕ್ಕಟ್ಟು ಹುಟ್ಟುವ ಹಾಗೆ ನಿಮ್ಮ ಅಂಕಿಗಳನ್ನು ಹೊಂದಿಸಿಕೊಳ್ಳಿ. ಆದರೆ ಪ್ರತಿ ಸೆಷನ್‌ನಲ್ಲೂ (ಒಂದು ಸಲ ಕೂತು ಆಡುವ ಅವಧಿ) ಲೆಕ್ಕಕ್ಕೇ ಹತ್ತು ನಿಮಿಷಕ್ಕಿಂತ ಹೆಚ್ಚು ಹೋಗುತ್ತಿದ್ದರೆ ಬಾಬ್ತುಗಳು ಹೆಚ್ಚಾಗಿವೆ ಎಂದರ್ಥ. ಇಂಧನ ಮತ್ತು ಊಟವನ್ನು ಒಟ್ಟು ಸೇರಿಸಿಬಿಡಿ.

ಹಂತ 3: ದೂರ ಎಷ್ಟು, ಸುದ್ದಿ ಎಷ್ಟು ಬೇಗ ಎಂದು ನಿರ್ಧರಿಸಿ

ಅದೇ 1977ರಲ್ಲಿ ಭೂಮಿ ಬಿಟ್ಟ ವೋಯೇಜರ್ 1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಸುಮಾರು 4.2 ಜ್ಯೋತಿರ್ವರ್ಷ ದೂರದಲ್ಲಿದೆ. ಆ ವೇಗದಲ್ಲಿ ಅಷ್ಟು ದೂರ ಕ್ರಮಿಸಲು 70,000 ವರ್ಷಕ್ಕೂ ಹೆಚ್ಚು ಬೇಕು. ಹಾಗಾಗಿ ನಮ್ಮ ಆಟದಲ್ಲಿ ಬೆಳಕಿನ ವೇಗವನ್ನು ಮೀರುವ ಯಾವುದೋ ಒಂದು ದಾರಿ ಇರಲೇಬೇಕು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುತ್ತಾ ಕೂರಬೇಡಿ. ಮೂರು ಪ್ರಶ್ನೆಗೆ ಮಾತ್ರ ಉತ್ತರ ಬರೆಯಿರಿ.

ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಎಷ್ಟು ದಿನ? ದಾರಿ ಮಧ್ಯೆ ಯಾರಾದರೂ ತಡೆಯಬಹುದೇ? ಸುದ್ದಿ ನೌಕೆಗಿಂತ ಬೇಗ ತಲುಪುತ್ತದೆಯೇ?

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಟ್ರಾವೆಲರ್‌ನಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಒಂದು ಜಿಗಿತಕ್ಕೆ ಸುಮಾರು ಒಂದು ವಾರ ಬೇಕು, ಸುದ್ದಿಯೂ ನೌಕೆಯಲ್ಲೇ ಬರಬೇಕು. ಇದರಿಂದ ರಾಜಧಾನಿಯ ಅಪ್ಪಣೆ ಗಡಿ ತಲುಪುವಷ್ಟರಲ್ಲಿ ಹಳತಾಗಿರುತ್ತದೆ, ಗಡಿಯ ಅಧಿಕಾರಿಗೆ ಸ್ವಂತ ವಿವೇಚನೆ ಬಳಸದೆ ಬೇರೆ ದಾರಿಯಿಲ್ಲ. ತಪ್ಪು ಮಾಡಿದ ಸಿಬ್ಬಂದಿಗೂ ಓಡಲು ಒಂದು ವಾರ ಸಿಗುತ್ತದೆ. ಆ ಒಂದು ನಿಯಮದಿಂದ ಎಷ್ಟು ಕಥೆಗಳು ಹುಟ್ಟುತ್ತವೆ ನೋಡಿ.

ಇಲ್ಲಿ ಪದೇಪದೇ ಆಗುವ ತಪ್ಪೆಂದರೆ ಇಡೀ ನಕ್ಷತ್ರಮಂಡಲಕ್ಕೆ ಮೊಬೈಲ್ ಫೋನ್ ಕೊಟ್ಟುಬಿಡುವುದು. ಆಗ ಪ್ರತಿ ಬಿಕ್ಕಟ್ಟಿನಲ್ಲೂ ಆಟಗಾರರು ಯಾರಿಗೋ ಕರೆ ಮಾಡಿ ಸಹಾಯ ಕೇಳುತ್ತಾರೆ. ನೀವೋ ಪ್ರತಿ ಸಲವೂ "ಸಿಗ್ನಲ್ ಇಲ್ಲ" ಎನ್ನಬೇಕಾಗುತ್ತದೆ.

ಹಂತ 4: ದಾಳದ ಲೆಕ್ಕ

ಮೊದಲ ಆಟಕ್ಕೆ ನನ್ನ ಸಲಹೆ: ಎರಡು ದಾಳ ಹಾಕಿ, ಕೂಡಿಸಿ, ಆ ಕೆಲಸದಲ್ಲಿ ಪಾತ್ರಕ್ಕಿರುವ ಬಲದ ಅಂಕಿಯನ್ನು (ಮುಂದಿನ ಹಂತದಲ್ಲಿ ಹಂಚುತ್ತೇವೆ) ಸೇರಿಸಿ. 10 ಅಥವಾ ಹೆಚ್ಚು ಬಂದರೆ ಕೆಲಸ ಆಯಿತು. 7ರಿಂದ 9 ಬಂದರೆ ಕೆಲಸ ಆಯಿತು, ಆದರೆ ಏನೋ ಬೆಲೆ ತೆರಬೇಕು. 6 ಅಥವಾ ಕಡಿಮೆ ಬಂದರೆ ಗೇಮ್ ಮಾಸ್ಟರ್, ಅಂದರೆ ಆಟ ಆಡಿಸುವವರು, ಹೊಸ ತೊಂದರೆ ತರುತ್ತಾರೆ. 2010ರ ಅಪೋಕ್ಯಾಲಿಪ್ಸ್ ವರ್ಲ್ಡ್ ಆಟದ ಮೂಲಕ ಹರಡಿದ ಈ ವಿಧಾನ ಸ್ಪೇಸ್ ಒಪೆರಾಗೆ ಹೇಳಿ ಮಾಡಿಸಿದಂತಿದೆ.

ಎರಡು ದಾಳಕ್ಕೆ 36 ಸಾಧ್ಯತೆಗಳು. ಬಲ ಸೊನ್ನೆಯಿದ್ದರೆ 36ರಲ್ಲಿ 6 ಸಲ ಪೂರ್ಣ ಗೆಲುವು, 15 ಸಲ ಬೆಲೆ ತೆತ್ತ ಗೆಲುವು, 15 ಸಲ ತೊಂದರೆ. ಬಲ 1 ಇದ್ದರೆ 10, 16, 10. ಬಲ 2 ಇದ್ದರೆ 15, 15, 6. ಬಲ 3 ಆದಾಗ 21, 12, 3. ಈ ಅಂಕಿಗಳನ್ನು ನಿಮ್ಮ ವಹಿಯ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.

ಬಲ 2ರವರೆಗೂ ನಡುವಿನ ಫಲಿತಾಂಶ 15, 16ರ ಆಸುಪಾಸಿನಲ್ಲೇ ಇರುತ್ತದೆ, 3ಕ್ಕೆ ಏರಿದಾಗ ಕುಸಿಯುತ್ತದೆ. ಆಟವನ್ನು ಮುಂದಕ್ಕೆ ನೂಕುವುದು ಆ ನಡುವಿನ ಫಲಿತಾಂಶವೇ: ತಪ್ಪಿಸಿಕೊಂಡರು, ಆದರೆ ಒಬ್ಬರು ಹಿಂದುಳಿದರು, ಬಾಗಿಲು ತೆರೆಯಿತು, ಆದರೆ ಅಲಾರಂ ಕೂಗಿತು. ಆದ್ದರಿಂದ ಬಲಕ್ಕೆ 2ರ ಮಿತಿ ಹಾಕಿ. ಉಪಕರಣಕ್ಕೆ 1, ಸ್ನೇಹಿತರ ಸಹಾಯಕ್ಕೆ 1, ಒಳ್ಳೆಯ ಉಪಾಯಕ್ಕೆ 1 ಎಂದು ಕೊಡುತ್ತಾ ಹೋದ ಕರಡುಗಳು ಕೈಗೆ ಬಂದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಉದಾರವಾಗಿ ಕೊಟ್ಟದ್ದೇ ಆಟದ ಉಸಿರು ಕಟ್ಟಿಸುತ್ತದೆ.

ಈಗ ಬೆಲೆಗಳ ಪಟ್ಟಿ ಬರೆಯಿರಿ, ಕನಿಷ್ಠ ಹತ್ತು. "ಹಾನಿಯಾಗುತ್ತದೆ" ಎಂದಷ್ಟೇ ಬರೆದು ಬಿಟ್ಟರೆ ಗೇಮ್ ಮಾಸ್ಟರ್‌ಗೆ ಏನೂ ಸಿಕ್ಕಂತಾಗುವುದಿಲ್ಲ. "ಒಬ್ಬರಿಗೆ ಕೊಟ್ಟ ಮಾತು ಮುರಿಯಬೇಕಾಗುತ್ತದೆ", "ನೌಕೆಗೆ ಹೊಸ ದೋಷ", "ನಿಮ್ಮ ಗುಟ್ಟು ನೌಕೆಯಲ್ಲಿ ಒಬ್ಬರಿಗೆ ಗೊತ್ತಾಗುತ್ತದೆ", "ಈ ಬಂದರಿಗೆ ಮತ್ತೆ ಬರುವ ಹಾಗಿಲ್ಲ" ಎಂಬಂಥವನ್ನು ಬರೆಯಿರಿ. ಈ ಪಟ್ಟಿ ಬರೆಯಲು ಒಂದು ಇಡೀ ಸಂಜೆ ಕೊಡಿ.

ಇನ್ನೊಂದು ಎಚ್ಚರಿಕೆ. ಕಥೆ ಮುಂದುವರಿಯಲು ಅತ್ಯಗತ್ಯವಾದ ಮಾಹಿತಿಯನ್ನು ದಾಳದ ಹಿಂದೆ ಬಚ್ಚಿಡಬೇಡಿ. ಅಪಹರಣಕಾರರು ಯಾವ ಗ್ರಹಕ್ಕೆ ಹೋದರು ಎಂಬುದು ದಾಳ ಬೀಳದೆ ಗೊತ್ತಾಗದಿದ್ದರೆ ಇಡೀ ಸಂಜೆ ಅಲ್ಲೇ ನಿಂತಿತು. ಗ್ರಹ ಯಾವುದೆಂದು ಹಾಗೆಯೇ ಹೇಳಿಬಿಡಿ; ಅವರಿಗಿಂತ ಮೊದಲು ತಲುಪುವಿರೋ ಇಲ್ಲವೋ ಎಂಬುದಕ್ಕೆ ದಾಳ ಹಾಕಿಸಿ.

(ಇನ್ನೂ ಸರಳವಾದದ್ದು ಬೇಕೆಂದರೆ ಜಾನ್ ಹಾರ್ಪರ್ ಅವರ 2013ರ ಲೇಸರ್ಸ್ ಆ್ಯಂಡ್ ಫೀಲಿಂಗ್ಸ್ ನೋಡಿ. ಇಡೀ ಆಟ ಒಂದು ಪುಟ, ಪ್ರತಿ ಪಾತ್ರಕ್ಕೆ 2ರಿಂದ 5ರೊಳಗಿನ ಒಂದೇ ಅಂಕಿ. ತಂತ್ರಜ್ಞಾನದ ಕೆಲಸಕ್ಕೆ ಆ ಅಂಕಿಗಿಂತ ಕಡಿಮೆ ಬೀಳಬೇಕು, ಭಾವನೆಯ ಕೆಲಸಕ್ಕೆ ಹೆಚ್ಚು ಬೀಳಬೇಕು. ಒಂದು ಕಡೆ ಗಟ್ಟಿಯಾದವರು ಇನ್ನೊಂದು ಕಡೆ ಬಡವರಾಗುತ್ತಾರೆ.)

ಹಂತ 5: ಪಾತ್ರಗಳು, ಮತ್ತು ಅವರು ಒಬ್ಬರನ್ನೊಬ್ಬರು ಕರೆಯುವ ಬಗೆ

ಪಾತ್ರದ ಬಲಗಳಿಗೆ ಹೆಸರಿಡುವಾಗ ಕ್ರಿಯಾಪದ ಬಳಸಿ: ಹಾರಿಸು, ಸರಿಮಾಡು, ಹೊಡೆದಾಡು, ನಂಬಿಸು, ಪತ್ತೆಹಚ್ಚು. "ಅಂತರಿಕ್ಷಯಾನ ಕೌಶಲ", "ಸಾಮಾಜಿಕ ಚಾತುರ್ಯ" ಎಂದೆಲ್ಲ ಬರೆದರೆ ಆಟದ ನಡುವೆ ಯಾರ ಬಾಯಲ್ಲೂ ಅವು ಬರುವುದಿಲ್ಲ. "ನಾನು ಅವನನ್ನ ನಂಬಿಸ್ತೀನಿ" ಎಂದು ಆಟಗಾರ ಹೇಳಿದ ಕ್ಷಣವೇ ಯಾವ ಬಲ ಎಂಬುದೂ ಗೊತ್ತಾಗಬೇಕು. ಐದು ಬಲಗಳಿಗೆ 2, 1, 1, 0, ಮೈನಸ್ 1 ಎಂದು ಹಂಚಲು ಹೇಳಿ. ಮೈನಸ್ ಇದ್ದಲ್ಲಿ 36ರಲ್ಲಿ 21 ಸಲ ತೊಂದರೆ ಬರುತ್ತದೆ, ಹಾಗಾಗಿ ನೌಕೆಯಲ್ಲಿ ಯಾರೂ ಒಂಟಿಯಾಗಿ ಬದುಕಲಾರರು.

ಹಾಳೆಯ ಉಳಿದ ಭಾಗದಲ್ಲಿ ಎರಡು ಸಾಲು: ಒಂದು ಗುಟ್ಟು, ನೌಕೆಯಲ್ಲಿ ಒಬ್ಬರಿಗೆ ತೀರಿಸಬೇಕಾದ ಒಂದು ಋಣ.

ಕನ್ನಡದಲ್ಲಿ ಆಡುವವರಿಗೆ ಇಂಗ್ಲಿಷ್ ಆಟಗಳಲ್ಲಿ ಸಿಗದ ಒಂದು ಸಲಕರಣೆ ಇದೆ: ನೀನು ಮತ್ತು ನೀವು. ಪ್ರತಿ ಪಾತ್ರದ ಹಾಳೆಯಲ್ಲಿ ಉಳಿದ ಸಿಬ್ಬಂದಿಯ ಹೆಸರುಗಳ ಮುಂದೆ "ನಾನು ಇವರನ್ನು ಹೇಗೆ ಕರೆಯುತ್ತೇನೆ" ಎಂಬ ಕಾಲಂ ಹಾಕಿ. ಕ್ಯಾಪ್ಟನ್‌ರನ್ನು ಮೇಡಂ ಎನ್ನುವ ಹುಡುಗ, ಅಕ್ಕ ಎನ್ನುವ ಮೆಕ್ಯಾನಿಕ್, ಬರೀ ಹೆಸರು ಹಿಡಿದು ಕೂಗುವ ಹಳೆಯ ಸಹಪಾಠಿ. ಕಾಲಂ ತುಂಬುವಷ್ಟರಲ್ಲಿ ಅರ್ಧ ಕಥೆ ಸಿಕ್ಕಿರುತ್ತದೆ. ನಿಯಮ ಹೀಗಿರಲಿ: ಸೆಷನ್‌ಗೆ ಒಮ್ಮೆ, ಒಂದು ಪಾತ್ರ ಇನ್ನೊಂದನ್ನು ಕರೆಯುವ ಬಗೆ ದೃಶ್ಯದ ಮಧ್ಯದಲ್ಲೇ ಬದಲಾದರೆ, ಆ ಇಬ್ಬರೂ ಮುಂದಿನ ದಾಳಕ್ಕೆ 1 ಸೇರಿಸಿಕೊಳ್ಳಬಹುದು. ಮಿತಿ 2 ಎಂದ ನಿಯಮಕ್ಕೆ ಇದೊಂದೇ ವಿನಾಯಿತಿ. ಇಡೀ ಸಂಜೆ "ನೀವು" ಎನ್ನುತ್ತಿದ್ದವಳು ಎಂಜಿನ್ ಕೋಣೆಯಲ್ಲಿ ಹೊಗೆ ತುಂಬಿದಾಗ "ನೀನು ಹೊರಗೆ ಹೋಗು" ಎಂದು ಕಿರುಚಿದರೆ ಟೇಬಲ್ ಸುತ್ತ ಎಲ್ಲರೂ ಬೆಚ್ಚುತ್ತಾರೆ. ನಾನು ಬರೆದ ನಿಯಮಗಳಲ್ಲಿ ನನಗೆ ಅತಿ ಪ್ರೀತಿಯದು ಇದು.

ಅನ್ಯಗ್ರಹದ ಜನಾಂಗಗಳನ್ನು ಸೇರಿಸುವಾಗ "ಇವರೆಲ್ಲ ಯೋಧರು, ಅವರೆಲ್ಲ ವ್ಯಾಪಾರಿಗಳು" ಎಂದು ಬರೆಯಬೇಡಿ. ದೇಹ ಹೇಗಿದೆ, ಅದರಿಂದ ಏನು ಸುಲಭ, ಏನು ಕಷ್ಟ ಎಂದಷ್ಟೇ ಹೇಳಿ. ಸ್ವಭಾವವನ್ನು ಆಟಗಾರರಿಗೆ ಬಿಡಿ.

ಪಾತ್ರ ತಯಾರಿಗೆ 20 ನಿಮಿಷ ಮೀರಿದರೆ ಏನನ್ನಾದರೂ ಕಿತ್ತುಹಾಕಿ.

ಹಂತ 6: ನೌಕಾ ಕಾಳಗ

ಅತಿ ಹೆಚ್ಚು ಆಟಗಳು ಸೋಲುವುದು ಇಲ್ಲಿ. ಪೈಲಟ್ ದಾಳ ಹಾಕುತ್ತಾನೆ, ತೋಪಿನವಳು ದಾಳ ಹಾಕುತ್ತಾಳೆ, ಉಳಿದ ಇಬ್ಬರು ಮೊಬೈಲ್ ನೋಡುತ್ತಾರೆ. ಪರಿಹಾರ ಇಷ್ಟೇ: ಎಲ್ಲರ ಕೈಯಲ್ಲೂ ಕೆಲಸವಿರಬೇಕು, ಆ ಕೆಲಸಗಳು ಒಂದೇ ಸಂಪನ್ಮೂಲಕ್ಕೆ ಕಿತ್ತಾಡಬೇಕು. ಹುಣಸೆ ಬೀಜ ಈಗ ಹೊರಗೆ ತೆಗೆಯಿರಿ.

ಸುತ್ತಿನ ಆರಂಭದಲ್ಲಿ ಗೇಮ್ ಮಾಸ್ಟರ್ ಬರಲಿರುವ ಅಪಾಯವನ್ನು ಬಾಯಿಬಿಟ್ಟು ಹೇಳಬೇಕು: "ಈ ಸುತ್ತು ಮುಗಿಯುವುದರೊಳಗೆ ನೀವು ತಿರುಗದಿದ್ದರೆ ಕ್ಷಿಪಣಿ ಅಡುಗೆಮನೆಗೆ ಬಡಿಯುತ್ತದೆ." ಬಳಿಕ ಎಂಜಿನ್‌ನಲ್ಲಿರುವವರು "ಸರಿಮಾಡು" ದಾಳ ಹಾಕುತ್ತಾರೆ. 10 ಅಥವಾ ಹೆಚ್ಚು ಬಂದರೆ 4 ಬೀಜ, 7ರಿಂದ 9ಕ್ಕೆ 3 ಬೀಜ ಹಾಗೂ ಒಂದು ಬಿಸಿ ಗುರುತು, 6 ಅಥವಾ ಕಡಿಮೆಗೆ 2 ಬೀಜ ಹಾಗೂ ಒಂದು ಬಿಸಿ ಗುರುತು. ಬೀಜಗಳನ್ನು ಟೇಬಲ್ ಮಧ್ಯದಲ್ಲಿಡಿ. ಚುಕ್ಕಾಣಿ, ತೋಪು, ರೇಡಿಯೊ ಮೂವರೂ ತಲಾ ಒಂದು ಬೀಜ ಖರ್ಚು ಮಾಡಿ ದಾಳ ಹಾಕಬಹುದು. ಬೀಜ ಸಿಗದವರೂ ಹಾಕಬಹುದು, ಆದರೆ 1 ಕಡಿಮೆ. ನಾಲ್ಕನೇ ಬೀಜ ಯಾರಿಗೆ ಸಿಕ್ಕಿತೋ ಅವರು ಆ ಸುತ್ತಿನಲ್ಲಿ ಒಂದು ದಾಳವನ್ನು ಮತ್ತೊಮ್ಮೆ ಹಾಕಬಹುದು. ಬೀಜ ಯಾರಿಗೆ ಎಂಬ ತಕರಾರಿಗೆ ಒಂದು ನಿಮಿಷದ ಗಡುವಿಡಿ. ಕ್ಯಾಪ್ಟನ್ ಪಾತ್ರದವರ ಮಾತೇ ಕೊನೆ.

ಮೂರು ಬಿಸಿ ಗುರುತು ಸೇರಿದರೆ ಒಂದು ಕೋಣೆಗೆ ಬೆಂಕಿ. ಯಾರಾದರೂ ತಮ್ಮ ಜಾಗ ಬಿಟ್ಟು ಓಡಬೇಕು. ಬೆಂಕಿ ಆರಿದರೆ ಗುರುತುಗಳನ್ನು ಅಳಿಸಿ.

ನೌಕೆಗೆ ಹಿಟ್ ಪಾಯಿಂಟ್, ಅಂದರೆ ಪೆಟ್ಟು ಬಿದ್ದಂತೆಲ್ಲ ಇಳಿಯುವ ಅಂಕಿ, ಕೊಡಬೇಡಿ. "ನೌಕೆ 40ರಿಂದ 31ಕ್ಕೆ ಇಳಿಯಿತು" ಎಂದರೆ ಯಾರ ಎದೆಯೂ ಝಲ್ ಎನ್ನುವುದಿಲ್ಲ. ಪೆಟ್ಟು ಬಿದ್ದಾಗಲೆಲ್ಲ ಒಂದು ಕೋಣೆಯ ಮೇಲೆ ಗೀಟು ಎಳೆಯಿರಿ. ಆ ಕೋಣೆ ಕೆಲಸ ಮಾಡುವುದಿಲ್ಲ, ಅದರಲ್ಲಿದ್ದವರು ಅಪಾಯದಲ್ಲಿದ್ದಾರೆ. ಎರಡನೆಯ ಹಂತದಲ್ಲಿ ಬರೆದ ದೋಷಗಳು ಇಲ್ಲಿ ಎದ್ದು ಬರುತ್ತವೆ: ಎಡ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ, ಒಳಗಿರುವವನಿಗೆ ಎಚ್ಚರವಿಲ್ಲ.

ಕಾಳಗ ನಾಲ್ಕು ಸುತ್ತಿಗೆ ಮುಗಿಯಲಿ. ನಾಲ್ಕನೆಯದರ ಕೊನೆಗೆ ಯಾರೋ ಓಡಿಹೋಗಬೇಕು, ಶರಣಾಗಬೇಕು, ಇಲ್ಲವೇ ನೌಕೆಗೆ ನೌಕೆ ತಗುಲಿ ಹೊಡೆದಾಟ ಒಳಗೆ ಬರಬೇಕು. ಐದನೇ ಸುತ್ತಿಗೆ ಹೋದ ಕಾಳಗದಲ್ಲಿ ಹೊಸದೇನೂ ನಡೆದದ್ದನ್ನು ನಾನು ನೋಡಿಲ್ಲ.

ಹಂತ 7: ಮೂರು ಬಣಗಳು

ಮೂರೇ ಸಾಕು. ಪ್ರತಿಯೊಂದಕ್ಕೂ ಮೂರು ಸಾಲು: ಅವರಿಗೆ ಏನು ಬೇಕು, ಅವರ ಪರವಾಗಿ ಎದುರಿಗೆ ಬರುವ ವ್ಯಕ್ತಿ ಯಾರು, ಯಾರೂ ತಡೆಯದಿದ್ದರೆ ಏನಾಗುತ್ತದೆ. ಪಕ್ಕದಲ್ಲಿ ಆರು ಮನೆಗಳ ಒಂದು ಪಟ್ಟಿ ಎಳೆಯಿರಿ. ಪ್ರತಿ ಸೆಷನ್ ಮುಗಿದ ಮೇಲೆ ಒಂದು ಮನೆ ತುಂಬಿಸಿ. ಆರೂ ತುಂಬಿದ ದಿನ ಅವರು ಅಂದುಕೊಂಡದ್ದು ನಡೆದುಹೋಗುತ್ತದೆ. ಸಾಲ ಕೊಟ್ಟವರೂ ಒಂದು ಬಣವೇ ಆಗಿರಲಿ, ಕಂತು ತಪ್ಪಿದಾಗಲೆಲ್ಲ ಅವರಿಗೆ ಒಂದು ಮನೆ ಹೆಚ್ಚು.

ಬಣದ ಮುಖವಾಗಿ ಬರುವ ವ್ಯಕ್ತಿ ಯಾವುದಾದರೂ ಪಾತ್ರಕ್ಕೆ ಮೊದಲೇ ಪರಿಚಿತರಾಗಿದ್ದರೆ ಒಳ್ಳೆಯದು. ಹೆಸರಿಲ್ಲದ ಸಾಮ್ರಾಜ್ಯವನ್ನು ಯಾರೂ ದ್ವೇಷಿಸುವುದಿಲ್ಲ. ತನ್ನ ಮದುವೆಗೆ ಬಂದು ಉಂಡು ಹೋದ ಅಧಿಕಾರಿಯನ್ನು ದ್ವೇಷಿಸುತ್ತಾರೆ.

ಹಂತ 8: ಈಗ ನಕ್ಷತ್ರಪಟ

ಐದು ಜಾಗಗಳು, ಪ್ರತಿಯೊಂದಕ್ಕೂ ಮೂರು ಸಾಲು: ಇಲ್ಲಿ ಏನು ಸಿಗುತ್ತದೆ, ಯಾರ ಹಿಡಿತದಲ್ಲಿದೆ, ಕಾಲಿಟ್ಟ ಕೂಡಲೇ ಯಾವ ವಾಸನೆ ಬರುತ್ತದೆ. ಇಡೀ ಗ್ರಹವೇ ಮರಳುಗಾಡು, ಇಡೀ ಗ್ರಹವೇ ಕಾಡು ಎಂದು ಬರೆಯುವ ಬದಲು ಒಂದು ಬಂದರು, ಒಂದು ಗಣಿ, ಒಂದು ಸಂತೆ ಎಂದು ಬರೆಯಿರಿ. ಆಟಗಾರರು ಗ್ರಹಕ್ಕೆ ಇಳಿಯುವುದಿಲ್ಲ, ಒಂದು ಊರಿಗೆ ಇಳಿಯುತ್ತಾರೆ. ಉಳಿದ ಜಾಗಗಳನ್ನು ಆಟ ಕೇಳಿದಾಗ ಸೇರಿಸಿದರಾಯಿತು.

ಹಂತ 9: ಮೊದಲ ಆಟ, ನಿಮ್ಮ ಎದುರಲ್ಲೇ

90 ನಿಮಿಷದ ಒಂದು ಕೆಲಸ ಆಡಿಸಿ. ಪಕ್ಕದಲ್ಲೊಂದು ಹಾಳೆಯಿಟ್ಟು ಮೂರು ಸಂಗತಿಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ: ಯಾವ ನಿಯಮ ನೋಡಲು ಪುಟ ತಿರುವಿದಿರಿ, ಯಾರು ಎಷ್ಟು ಹೊತ್ತು ಸುಮ್ಮನಿದ್ದರು, ಯಾವಾಗ ಎಲ್ಲರೂ ಒಟ್ಟಿಗೆ ಮಾತನಾಡಿದರು. "ಹೇಗಿತ್ತು" ಎಂದು ಕೇಳಿದರೆ ಗೆಳೆಯರು ಚೆನ್ನಾಗಿತ್ತು ಎನ್ನುತ್ತಾರೆ. "ಯಾವ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ" ಎಂದು ಕೇಳಿ, ಆಗ ನಿಜ ಹೊರಗೆ ಬರುತ್ತದೆ.

ಮುಂದಿನ ಆಟಕ್ಕೆ ಒಂದೇ ಒಂದು ನಿಯಮ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸುಧಾರಿಸಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ.

ಹಂತ 10: ಬರೆದು, ಬೇರೆಯವರ ಕೈಗೆ ಕೊಡಿ

ಬರೆಯುವಾಗ ಟೇಬಲ್‌ನಲ್ಲಿ ಬೇಕಾಗುವ ಕ್ರಮವನ್ನೇ ಅನುಸರಿಸಿ: ನೌಕೆ, ಪಾತ್ರ, ದಾಳ, ಕಾಳಗ, ಬಣ, ಜಾಗಗಳು. ಪ್ರತಿ ನಿಯಮದ ಕೆಳಗೆ ಎರಡು ಸಾಲಿನ ಉದಾಹರಣೆ ಇರಲಿ. ನೌಕೆಯ ಹಾಳೆ ಮತ್ತು ಪಾತ್ರದ ಹಾಳೆ ಕಪ್ಪುಬಿಳುಪು ಜೆರಾಕ್ಸ್‌ನಲ್ಲೂ ಸ್ಪಷ್ಟವಾಗಿ ಕಾಣಬೇಕು. ಬೂದು ಬಣ್ಣದ ಹಿನ್ನೆಲೆ ಹಾಕಿದರೆ ಪೆನ್ಸಿಲ್ ಗುರುತು ಕಾಣುವುದಿಲ್ಲ.

ಪ್ರಸಿದ್ಧ ಸಿನಿಮಾಗಳ ನೌಕೆ, ಆಯುಧ, ಜನಾಂಗಗಳ ಹೆಸರನ್ನು ಎತ್ತಿಕೊಳ್ಳಬೇಡಿ. ಬೇರೆ ಆಟದ ಪಠ್ಯವನ್ನು ಬಳಸುವುದಾದರೆ ಅದರ ಪರವಾನಗಿ ಓದಿ. ಉದಾಹರಣೆಗೆ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಎಂಬ ಪ್ರಸಿದ್ಧ ರೋಲ್‌ಪ್ಲೇಯಿಂಗ್ ಆಟದ ಎಸ್‌ಆರ್‌ಡಿ 5.1 ಎಂಬ ಮೂಲ ನಿಯಮಗಳ ಪಠ್ಯ 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಅವರು ಕೇಳಿದ ಹಾಗೆ ಮೂಲವನ್ನು ಹೆಸರಿಸಿದರೆ ನಿಮ್ಮ ಆಟದಲ್ಲಿ ಬಳಸಿಕೊಳ್ಳಬಹುದು.

ಕೊನೆಯ ಪರೀಕ್ಷೆ ಕಠಿಣವಾದದ್ದು. ನಿಮ್ಮ ಆಟವನ್ನು ಒಮ್ಮೆಯೂ ನೋಡಿರದ ಒಬ್ಬರಿಗೆ ಹಾಳೆಗಳನ್ನು ಕೊಟ್ಟು, ಅವರ ಗೆಳೆಯರಿಗೆ ಅವರೇ ಆಡಿಸಲಿ. ನೀವು ಅದೇ ಕೋಣೆಯ ಮೂಲೆಯಲ್ಲಿ ಕೂತಿರಿ, ಬಾಯಿ ತೆರೆಯಬೇಡಿ. ಅವರು ನಿಮ್ಮ ಕಡೆ ತಿರುಗಿ ಪ್ರಶ್ನೆ ಕೇಳಿದರೆ "ನಿಮಗೆ ಹೇಗೆ ಅರ್ಥವಾಯಿತೋ ಹಾಗೆ ಮಾಡಿ" ಎಂದಷ್ಟೇ ಹೇಳಿ. ಕೇಳಿದ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ, ಯಾವ ಪುಟ ತೆರೆದಿತ್ತು ಎನ್ನುವುದರ ಸಮೇತ ಬರೆದುಕೊಳ್ಳಿ. ಮರುದಿನ ಆ ಪುಟದಿಂದಲೇ ತಿದ್ದಲು ಶುರುಮಾಡಿ.